ಕಣಿವೆಯಲ್ಲಿ ತಲೆ ಎಣಿಕೆ

ಬಂಡೆ ಹತ್ತುವ ಮೊದಲು ಏಳು ಜನ ಇದ್ದರು. ಇಳಿದ ಮೇಲೂ ಏಳು. ಸ್ವೈಲಿಂ ನಿಟ್ಟುಸಿರು ಬಿಟ್ಟ. ಇವತ್ತು ಒಂದು ತಲೆ ಕಡಿಮೆಯಾದರೂ ಅವನ ಮಾರ್ಗದರ್ಶಿ ಪರವಾನಗಿ ಹೋದ ಹಾಗೆಯೇ.

ಹೋದ ವರ್ಷ ಮೂರು ಸಲ ಎಡವಟ್ಟಾಗಿತ್ತು. ರಜೆಯ ದಿನ ಶುಕ್ರವಾರ ಬಂತೆಂದರೆ ರಾಜಧಾನಿ ಅಮ್ಮಾನ್‌ನಿಂದ ಬಸ್ಸು ತುಂಬ ಜನ ಈ ಕಣಿವೆ ನಡೆಯಲು ಬರುತ್ತಾರೆ. ಬಿಸಿಲಿಗೆ ಎಲ್ಲರ ಮುಖಕ್ಕೂ ಬಟ್ಟೆ, ಕಣ್ಣಿಗೆ ಕಪ್ಪು ಕನ್ನಡಕ. ಯಾರು ಯಾರೆಂದು ದೇವರೇ ಬಲ್ಲ. ಮೂರು ಸಲವೂ ಸ್ವೈಲಿಂ ಒಂದು ತಲೆ ಬಿಟ್ಟು ಬಸ್ಸು ಕಳಿಸಿ, ಊರಿಗೆ ಹೋಗಿ ಹಾಯಾಗಿ ಮಲಗಿದ್ದ. ಕಣಿವೆಯ ಬಾಯಲ್ಲಿ ಡೇರೆ ಹಾಕಿಕೊಂಡು ಆಡು ಮೇಯಿಸುವ ಅವನ ತಾಯಿ ಹಮ್ದಾ ಕತ್ತೆ ಹೊಡೆದುಕೊಂಡು ಹೋಗಿ, ಕಳೆದದ್ದನ್ನು ಹುಡುಕಿ, ರೊಟ್ಟಿ ತಿನ್ನಿಸಿ, ಸಿಕ್ಕ ಗಾಡಿ ಹತ್ತಿಸಿದ್ದಳು.

"ನಿನ್ನ ಮಂದೇಲಿ ಒಂದು ತಪ್ಪಿಸ್ಕೊಂಡಿತ್ತು ಕಣೋ. ಆ ಎಡಗಡೆ ಸಂದಿಲಿ, ಅಂಜೂರದ ಮರದ ಕೆಳಗೆ ಕೂತಿತ್ತು," ಎಂದಿದ್ದಳು. ಅದಕ್ಕಿಂತ ಹೆಚ್ಚು ಹೇಳಿರಲಿಲ್ಲ.

ಈಗ ಪ್ರವಾಸೋದ್ಯಮ ಇಲಾಖೆಯವರು ತಪಾಸಣೆಗೆ ಪ್ರವಾಸಿಗಳ ವೇಷದಲ್ಲಿ ಬರುತ್ತಾರೆಂದು ಊರೆಲ್ಲ ಸುದ್ದಿ. ಇವತ್ತಿನ ಏಳು ಜನರನ್ನು ಕಂಡಾಗಲೇ ಸ್ವೈಲಿಮ್‌ನ ಅನುಮಾನ ಗಟ್ಟಿಯಾಗಿತ್ತು. ಎಲ್ಲರೂ ಅರವತ್ತು ದಾಟಿದ ಗಂಡಸರು. ಇಸ್ತ್ರಿ ಹಾಕಿದ ಅಂಗಿ, ಪಾಲಿಶ್ ಮಾಡಿದ ಬೂಟು, ಮೂಗಿಗೆ ಹೊಡೆಯುವ ಅತ್ತರು. ಮಂಡಿಯುದ್ದ ನೀರಿನಲ್ಲಿ ನಡೆಯಲು ಯಾರಾದರೂ ಅತ್ತರು ಪೂಸಿಕೊಂಡು ಬರುತ್ತಾರೆಯೇ? ಇಲಾಖೆಯವರಲ್ಲದೆ ಮತ್ಯಾರು!

ಅದರಲ್ಲೂ ಮಿಥ್ಕಾಲ್ ಎಂಬ ನಿವೃತ್ತ ಮೇಷ್ಟ್ರು ಬೆನ್ನು ಬಿಡುತ್ತಿರಲಿಲ್ಲ. ಒಬ್ಬರೇ ನುಸುಳಬೇಕಾದ ಇಕ್ಕಟ್ಟಿನಲ್ಲೂ ಅವನ ಪಕ್ಕಕ್ಕೇ ತೂರಿಕೊಳ್ಳುತ್ತಿದ್ದರು.

"ನಿಂಗೆ ಬೇಗ ಸಿಟ್ಟು ಬರುತ್ತೇನಪ್ಪಾ?"

"ಸಿಟ್ಟಾ? ನಂಗಾ?" ಎಂದ ಸ್ವೈಲಿಂ. ಮೇಷ್ಟ್ರ ಬೂಟು ಅವನ ಹೆಬ್ಬೆರಳಿನ ಮೇಲಿತ್ತು. "ಇಲ್ಲ ಯಜಮಾನ್ರೆ."

"ಮನೆಗೆ ಹೊಸಬರು ಬಂದ್ರೆ ಹೊಂದ್ಕೊಳ್ತೀಯಾ?"

"ಅತಿಥಿ ಅಂದ್ರೆ ಪ್ರಾಣ ನಂಗೆ."

"ಯಾರನ್ನಾದ್ರೂ ಕಣಿವೇಲಿ ಬಿಟ್ಟು ಹೋಗಿದ್ದುಂಟಾ?"

ಸ್ವೈಲಿಂ ಚೀಲದ ಪಟ್ಟಿ ಸರಿಮಾಡಿಕೊಂಡ. "ಒಂದ್ಸಲ... ಆಗಿರಬಹುದು."

"ಒಂದೇ ಸಲಾನಾ?" ಮೇಷ್ಟ್ರು ನಕ್ಕರು. ಎಲ್ಲ ಗೊತ್ತಿರುವವರ ನಗು ಅದು.

ಅಲ್ಲಿಂದ ಮುಂದೆ ಸ್ವೈಲಿಂ ಮನುಷ್ಯನಾಗಿ ಉಳಿಯಲಿಲ್ಲ, ಕತ್ತೆಯೇ ಆದ. ಎಲ್ಲರ ಚೀಲ ಹೊತ್ತ. ಅವರಲ್ಲೊಬ್ಬ ಬಿಳಿಗಡ್ಡದ ಹಿರಿಯರನ್ನು ಬೆನ್ನ ಮೇಲೆ ಕೂರಿಸಿಕೊಂಡು ಬಂಡೆ ದಾಟಿಸಿದ. ಯಾರೋ ಎಂದೋ ಎಸೆದ ಬಿಸ್ಕತ್ತಿನ ಕಾಗದ ಹೆಕ್ಕಿ ಜೇಬಿಗೆ ಹಾಕಿಕೊಂಡ. ಫ್ಲಾಸ್ಕ್ ತೆಗೆದು ಕಾಫಿ ಬಗ್ಗಿಸಲು ಹೋದರೆ ಏಳೂ ಜನ ಕೈ ಅಡ್ಡ ಹಿಡಿದರು.

"ಈಗ ಬೇಡ. ನಿಮ್ಮ ಡೇರೇಲಿ ನೋಡೋಣ."

ಕಾಫಿಯನ್ನೂ ಲಂಚವೆಂದುಕೊಳ್ಳುವ ಇಂಥ ಖಡಕ್ ಅಧಿಕಾರಿಗಳನ್ನು ಅವನು ಕಂಡಿರಲಿಲ್ಲ.

ಎಡಗಡೆಯ ಸಂದಿ ಬಂತು. ಯಾರೂ ತೋರಿಸದಿದ್ದರೂ ಮೇಷ್ಟ್ರು ನೆಟ್ಟಗೆ ಒಳಗೆ ಹೋಗಿ ಅಂಜೂರದ ಮರದ ಕೆಳಗೆ ನಿಂತರು. "ಇಲ್ಲೇ..." ಎಂದು ಉಸಿರೆಳೆದರು.

ಸ್ಥಳ ಪರಿಶೀಲನೆ! ಸ್ವೈಲಿಂ ಮನಸ್ಸಿನಲ್ಲೇ ಪರವಾನಗಿಗೆ ಕೊನೆಯ ನಮಸ್ಕಾರ ಹೇಳಿದ. ಬಿಳಿಗಡ್ಡದವರು ಮೇಷ್ಟ್ರ ತೋಳು ಹಿಡಿದೆಳೆದರು. "ಇವತ್ತು ಬೇಡ ಮಾರಾಯ. ನಡಿ."

ಡೇರೆಯಲ್ಲಿ ಒಳ್ಳೆಯ ದಿಂಬುಗಳೆಲ್ಲ ಹೊರಬಂದಿದ್ದವು. ಕಾಫಿ ಕುದಿದು ಸಿದ್ಧವಾಗಿತ್ತು. ಹಮ್ದಾ ಪರದೆಯ ಹಿಂದೆ ಇದ್ದಳು. ಇಲಾಖೆಯವರು ಬರುವುದು ಅಮ್ಮನಿಗೆ ಹೇಗೆ ಗೊತ್ತಾಯಿತು ಎಂದುಕೊಳ್ಳುತ್ತಲೇ ಸ್ವೈಲಿಂ ಏಳು ಬಟ್ಟಲು ತುಂಬಿಸಿ ಕೊಟ್ಟ.

ಬಿಳಿಗಡ್ಡದವರು ಬಟ್ಟಲನ್ನು ತುಟಿಗೆ ತಾಗಿಸದೆ ನೆಲದ ಮೇಲಿಟ್ಟರು. ಉಳಿದವರೂ ಇಟ್ಟರು.

"ಕೇಳಿದ್ದು ಕೊಡ್ತೀನಿ ಅಂದ್ರೆ ಕುಡೀತೀವಿ. ಇಲ್ಲಾಂದ್ರೆ ಇಲ್ಲ."

ಸ್ವೈಲಿಂ ಸಾಲಾಗಿ ಕೂತ ಬಟ್ಟಲುಗಳನ್ನು ಎಣಿಸಿದ. ಅವನ ಸೀಮೆಯಲ್ಲಿ ಹೀಗೆ ಬಟ್ಟಲಿಟ್ಟು ಕೂರುವುದು ಇಲಾಖೆಯವರಲ್ಲ, ಹೆಣ್ಣು ಕೇಳಲು ಬಂದ ಹಿರಿಯರು.

"ಅಯ್ಯೋ, ನನ್ನ ಮಗಳಿಗೆ ಇನ್ನೂ ಹಾಲುಹಲ್ಲೇ ಬಿದ್ದಿಲ್ಲ!"

"ನಿನ್ನ ಮಗಳನ್ನ ಯಾರಪ್ಪಾ ಕೇಳಿದ್ರು?" ಎಂದರು ಬಿಳಿಗಡ್ಡದವರು. "ನಮ್ಮ ಮಿಥ್ಕಾಲ್‌ಗೆ ಹೆಂಡ್ತಿ ಹೋಗಿ ಆರು ವರ್ಷ ಆಯ್ತು. ನಾವು ಕೇಳೋಕೆ ಬಂದಿರೋದು ನಿನ್ನ ತಾಯೀನ. 'ಒಂದ್ಸಲ ದಾರಿ ತಪ್ಪದೆ ಮಗನ ಜೊತೆ ನಡ್ಕೊಂಡು ಬನ್ನಿ, ಆಮೇಲೆ ಕೇಳಿ' ಅಂತ ಅವರದ್ದೇ ಷರತ್ತು."

"ಹಾಗಾದ್ರೆ... ನೀವು ಇಲಾಖೆಯವರಲ್ವಾ?"

ಪರದೆಯ ಹಿಂದೆ ಹಮ್ದಾ ನಕ್ಕಳು. ಅಪ್ಪ ತೀರಿಕೊಂಡ ಮೇಲೆ ಆ ನಗು ಸ್ವೈಲಿಮ್‌ನ ಕಿವಿಗೆ ಬಿದ್ದಿರಲಿಲ್ಲ.

"ಕಾಫಿ ಆರ್ತಾ ಇದೆ ಕಣೋ ಮಗಾ."

"ಕುಡೀರಿ," ಎಂದ ಸ್ವೈಲಿಂ. "ಎಲ್ರೂ ಕುಡೀರಿ." ಏಳು ಬಟ್ಟಲು ಮೇಲೆದ್ದವು. ಆಗ ಅವನಿಗೆ ಇನ್ನೊಂದು ಭಯ ನೆನಪಾಯಿತು. "ಆದ್ರೆ ಯಜಮಾನ್ರೆ, ಹೋದ ವರ್ಷ ಕಳೆದುಹೋದ ಆ ಮೂರು ಜನ ದೂರು ಕೊಟ್ರೆ?"

ಮೇಷ್ಟ್ರು ತಲೆ ತಗ್ಗಿಸಿ ಬಟ್ಟಲಿನೊಳಗೆ ನೋಡಿದರು. "ಮೂರು ಜನ ಅಲ್ಲಪ್ಪ, ನಾನೊಬ್ನೇ. ಮೊದಲ್ನೇ ಸಲ ಮಾತ್ರ ನಿಜವಾಗ್ಲೂ ದಾರಿ ತಪ್ಪಿತ್ತು."