ಜಯಕ್ಕನ ಕಾಲಿನ ಸದ್ದು

“ಜಯಕ್ಕ, ನೀವು ಕಾಲು ಹೊಡೀತಾ ಇದೀರೋ, ಇಲ್ಲ ನೆಲ ಸವರ್ತಾ ಇದೀರೋ?” ಎಂದರು ಡ್ಯಾನ್ಸ್ ಟೀಚರ್ ಪ್ರಿಯದರ್ಶಿನಿ. ಭದ್ರಾವತಿಯ ಕಾರ್ಖಾನೆ ಕಾಲೋನಿಯ ಗೃಹಿಣಿಯರು ಸೇರಿ ಕಲಿತ ನೃತ್ಯರೂಪಕ ನಾಳೆ ಸಂಜೆ ವೇದಿಕೆ ಏರಲಿತ್ತು. ಜಯಶೀಲಾ ಒಬ್ಬರೇ ಮುಂದೆ ಬಂದು ಕಾಲು ತಟ್ಟಬೇಕು. ಆ ಸದ್ದು ಕೇಳಿದ ಮೇಲೆಯೇ ಉಳಿದವರ ಕುಣಿತ ಶುರು. “ಇವತ್ತೂ ಆಗ್ಲಿಲ್ಲ ಅಂದ್ರೆ ಆ ಜಾಗಕ್ಕೆ ಭೂಮಿಕಾನ ನಿಲ್ಲಿಸ್ತೀನಿ, ಬೇಜಾರ್ ಮಾಡ್ಕೋಬೇಡಿ.”

“ಏನ್ ಮಾಡ್ಲಿ ಮಿಸ್, ನಮ್ಮನೆಯವ್ರದ್ದು ಯಾವಾಗ್ಲೂ ನೈಟ್ ಶಿಫ್ಟು. ಹಗಲೆಲ್ಲ ಮಲಗೋರು. ಮದುವೆಯಾದಾಗಿಂದ ನಾನು ಮನೇಲಿ ತುದಿಗಾಲಲ್ಲೇ ಓಡಾಡಿದ್ದು.”

“ಅಯ್ಯೋ ಮಾರಾಯ್ತಿ, ಅವ್ರು ರಿಟೈರ್ ಆಗಿ ಯಾವ ಕಾಲ ಆಯ್ತು! ಈಗ್ಯಾರು ಮಲಗಿದಾರೆ?” ಎಂದು ಪಕ್ಕದಲ್ಲಿದ್ದ ಕರಿಯಮ್ಮ ಕೇಳಿದರು.

ಜಯಶೀಲಾ ಕಣ್ಣಲ್ಲೇ ಮೂಲೆಯತ್ತ ತೋರಿಸಿದರು. ಹೆಂಡತಿಯನ್ನು ಕರೆದೊಯ್ಯಲು ಬಂದಿದ್ದ ಷಣ್ಮುಖಪ್ಪ ಪ್ಲಾಸ್ಟಿಕ್ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದರು. ಹೆಂಗಸರೆಲ್ಲ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಜಯಶೀಲಾ ನಗಲಿಲ್ಲ. ಇವರನ್ನು ಎಬ್ಬಿಸುವಷ್ಟು ಸದ್ದು ತನ್ನ ಕಾಲಿನಲ್ಲಿ ಇದೆಯೇ ಎಂಬ ಕುತೂಹಲ ಅವರಿಗೆ ಮೊದಲ ಬಾರಿ ಹುಟ್ಟಿತು. ನೆರಿಗೆ ಎತ್ತಿ ಸಿಕ್ಕಿಸಿ, ಗಂಡನ ಮುಖವನ್ನೇ ನೋಡುತ್ತ, ಬಲಗಾಲನ್ನೆತ್ತಿ ನೆಲಕ್ಕೆ ಬಡಿದರು.

ಷಣ್ಮುಖಪ್ಪ ಬೆಚ್ಚಿ ನೆಟ್ಟಗೆ ಕುಳಿತರು. “ಯಾರೇ ಅದು?”

“ನಾನೇ ರೀ. ನಿದ್ದೆ ಕೆಡ್ತಾ?”

“ನೀನಾ?” ಅವರು ಹೆಂಡತಿಯ ಪಾದವನ್ನು ಈಗಷ್ಟೇ ಕಂಡವರಂತೆ ನೋಡಿದರು. “ಎಲ್ಲಿ, ಇನ್ನೊಂದ್ಸಲ ಹೊಡಿ ನೋಡೋಣ.”

ಜಯಶೀಲಾ ಇನ್ನೊಮ್ಮೆ ಹೊಡೆದರು. ಹಿಂದೆ ಸಾಲಾಗಿ ನಿಂತಿದ್ದ ಹೆಂಗಸರು, ಟೀಚರ್ ಹೇಳುವುದಕ್ಕೂ ಕಾಯದೆ, ಕುಣಿತ ಶುರುಮಾಡಿಬಿಟ್ಟರು.