ಟೇಪು ನುಂಗಿದ ಸಾಲು

ಕೊನೆಯ ಹಸು ಪೆಗ್ಗಿಯೂ ಲಾರಿ ಹತ್ತಿದ ಮೇಲೆ ಮೊರೀನ್ ಕೊಟ್ಟಿಗೆಗೆ ಹೋಗಿ, ಮೊಳೆಗೆ ನೇತುಹಾಕಿದ್ದ ಟೇಪ್ ರೆಕಾರ್ಡರನ್ನು ಬಿಚ್ಚಿ ತಂದು ಆರ್ನಲ್ಡ್‌ನ ಕೈಗಿಟ್ಟಳು. ಕ್ಯಾಸೆಟ್ ಒಳಗೇ ಇತ್ತು.

“ಇದನ್ನೂ ತಗೊಂಡು ಹೋಗಿ. ಇದಿಲ್ಲದೆ ಅವು ಸೊರ ಬಿಡಲ್ಲ, ಹಾಲೇ ಇಳಿಸಲ್ಲ.”

ಹಸುಗಳನ್ನು ಕೊಂಡ ಆರ್ನಲ್ಡ್ ಕಣಿವೆಯ ಆಚೆ ತುದಿಯ ರೈತ, ಅರುವತ್ತು ದಾಟಿದವನು. ಟೋಪಿ ಹಿಂದೆ ಸರಿಸಿ ನಕ್ಕ. “ಡೆರಿಕ್‌ನ ಆ ಹಾಡುಗಳಲ್ವೇನಮ್ಮ? ಪಬ್ಬಲ್ಲಿ ಅವನು ಇದನ್ನ ಹಾಕ್ಸಿದ್ರೆ ನಾಯಿ ಕೂಡ ಎದ್ದು ಹೋಗ್ತಿತ್ತು.”

“ಹಸುಗಳಿಗೆ ಎದ್ದು ಹೋಗೋಕಾಗ್ತಿರ್ಲಿಲ್ಲ, ಕಟ್ಟಿ ಹಾಕಿರ್ತಿದ್ವಲ್ಲ,” ಎಂದಳು ಮೊರೀನ್.

ತೊಂಬತ್ತರ ದಶಕದಲ್ಲಿ, ಬ್ರಿಟ್‌ಪಾಪ್ ಹಾಡುಗಳ ಹುಚ್ಚಿನ ಆ ದಿನಗಳಲ್ಲಿ ಊರಿಗೆ ಊರೇ ಎರಡು ದೊಡ್ಡ ಹಾಡಿನ ತಂಡಗಳ ಪಕ್ಷ ಕಟ್ಟಿಕೊಂಡು ಜಗಳವಾಡುತ್ತಿದ್ದಾಗ, ಅವಳ ಗಂಡ ಡೆರಿಕ್, ಪ್ರೆಸ್ಟನ್ ಊರಿನ ಕಡೆಯ ನಾಲ್ಕು ಹುಡುಗರ ‘ಒದ್ದೆ ಬೆಂಚು’ ಎಂಬ ಆಲ್ಬಂ ಹಿಡಿದುಕೊಂಡು ಮನೆಗೆ ಬಂದಿದ್ದ. ಅದು ಓಡಲಿಲ್ಲ, ಹುಡುಗರೂ ಚದುರಿಹೋದರು. ಡೆರಿಕ್ ಮಾತ್ರ ಬಿಡಲಿಲ್ಲ. ಬೆಳಿಗ್ಗೆ, ಸಂಜೆ, ಹಾಲು ಕರೆಯುವಾಗಲೆಲ್ಲ ಅದೇ. “ಮೂರನೇ ಹಾಡನ್ನಾದ್ರೂ ಒಂದ್ಸಲ ಕೂತು ಕೇಳೇ,” ಎನ್ನುತ್ತಿದ್ದ. “ಆ ಗೋಳು ಕೇಳಿದ್ರೆ ಹಾಲು ಒಡೆಯುತ್ತೆ,” ಎಂದು ಅವಳು ಅಡುಗೆಮನೆಯ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಈ ಚಳಿಗಾಲದ ಕೊನೆಗೆ ಅವನು ಅದೇ ಕೊಟ್ಟಿಗೆಯಲ್ಲಿ ಎದೆ ಹಿಡಿದುಕೊಂಡು ಕುಸಿದ. ಎರಡು ತಿಂಗಳು ಒಬ್ಬಳೇ ಕರೆದು ನೋಡಿದಳು. ತೋಳು ಸೋತಿತು.

ಮರುದಿನ ಬೆಳಿಗ್ಗೆ ಕರೆಯುವ ಹೊತ್ತಿಗೇ ಎಚ್ಚರವಾಯಿತು. ಮಾಡಲು ಕೆಲಸವಿರಲಿಲ್ಲ. ಚಹಾಕ್ಕೆ ನೀರಿಟ್ಟು ನಿಂತಿದ್ದಾಗ ಫೋನು ಬಂತು.

“ನಾನಮ್ಮ, ಆರ್ನಲ್ಡ್. ಕೊಟ್ಟಿಗೆಯಿಂದಲೇ ಮಾಡ್ತಿದೀನಿ. ಉಳಿದವೆಲ್ಲ ಚೆನ್ನಾಗಿ ಕೊಡ್ತಿವೆ, ಈ ಪೆಗ್ಗಿದೇ ತಕರಾರು. ಮೂರನೇ ಹಾಡಲ್ಲಿ ಒಂದ್ಕಡೆ ಟೇಪು ಒಂದು ಸಾಲನ್ನೇ ನುಂಗಿಬಿಟ್ಟಿದೆ ನೋಡು, ಅಲ್ಲಿಗೆ ಬಂದ ಕೂಡಲೇ ಕತ್ತು ತಿರುಗಿಸಿ ಬಾಗಿಲ ಕಡೆ ನೋಡುತ್ತೆ. ಹಾಲು ನಿಲ್ಲಿಸಿಬಿಡುತ್ತೆ. ಎರಡು ಸಲ ಹಿಂದಕ್ಕೆ ತಿರುಗಿಸಿ ಹಾಕ್ದೆ. ಎರಡು ಸಲವೂ ಹಾಗೇ.”

“ಆ ಸಾಲನ್ನ ಡೆರಿಕ್ ತಾನೇ ಹಾಡ್ತಿದ್ದ.”

“ಅದು ಸರಿ. ಅವನು ಹೋಗಿ ಎರಡು ತಿಂಗಳಾಯ್ತಲ್ಲಮ್ಮ. ಆಮೇಲೆ ಯಾರು ಹಾಡ್ತಿದ್ರು?”

ಮೊರೀನ್ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು. ಫೋನಿನ ಆ ತುದಿಯಲ್ಲಿ ಹಾಲು ಕರೆಯುವ ಯಂತ್ರ ಒಂದೇ ಸಮ ಮಿಡಿಯುತ್ತಿತ್ತು. ಆರ್ನಲ್ಡ್ ಕೆಮ್ಮಿದ.

“ಹಾಡನ್ನ ಮೊದಲಿಂದ ಹಾಕಿ,” ಎಂದಳು ಅವಳು. “ಫೋನನ್ನ ಪೆಗ್ಗಿ ಕಿವಿ ಹತ್ತಿರ ಹಿಡೀರಿ.”

ಸಿಳ್ಳು ಹಾಕಲು ತೊಡಗಿದ್ದ ಕೆಟಲನ್ನು ಒಲೆಯಿಂದ ಕೆಳಗಿಳಿಸಿ, ಮೊರೀನ್ ಕಣ್ಣು ಮುಚ್ಚಿಕೊಂಡು ಟೇಪು ನುಂಗಿದ ಆ ಜಾಗ ಬರುವುದನ್ನೇ ಕಾದಳು.