ನಾರಗಾನ ಶೆಟ್ಟರ ಹಟ್ಟೆವ್ವ

ಸುಳ್ಳು ಹೇಳಿದರೆ ಆತ್ಮ ಖರ್ಚು, ನಿಜ ಹೇಳಿದರೆ ಚರ್ಚೇ ಖರ್ಚು. ರೆವರೆಂಡ್ ಹ್ಯಾಟಿಯಮ್ಮ ಈ ಲೆಕ್ಕವನ್ನು ತಲೆಯಲ್ಲಿ ಕೂಡಿ ಕಳೆಯುತ್ತಿದ್ದಾಗ, ಮುಖ್ಯ ಕಚೇರಿಯಿಂದ ಬಂದಿದ್ದ ಪ್ರೆಸ್ಕಾಟ್, ಹೇವರ್ಡ್ ಊರಿನ ಆ ಹಳೆಯ ಚರ್ಚಿನ ಖಾಲಿ ಬೆಂಚುಗಳ ಮೇಲೆ ಕಣ್ಣಾಡಿಸಿ ಗಂಟಲು ಸರಿಮಾಡಿಕೊಂಡ. ಭಾನುವಾರದ ಪ್ರಾರ್ಥನೆ ಆಗಷ್ಟೇ ಮುಗಿದಿತ್ತು. ಬಂದವರು ಬೆರಳೆಣಿಕೆಯಷ್ಟು ಜನ. ಅವರಲ್ಲಿ ಹೆಚ್ಚಿನವರು ಹ್ಯಾಟಿಯಮ್ಮನ ಹೆಣ್ಣುಮಕ್ಕಳು, ಮೊಮ್ಮಕ್ಕಳು. ಬರದಿದ್ದರೆ ಅಜ್ಜಿ ಊಟಕ್ಕೆ ಕರೆಯುವುದಿಲ್ಲ ಎಂಬ ಹೆದರಿಕೆಗೆ ಬಂದವರು.

“ಜನ ಬರದ ಚರ್ಚನ್ನು ಮುಚ್ಚಲೇಬೇಕು, ರೆವರೆಂಡ್. ನಿಯಮ ನಿಮಗೂ ಗೊತ್ತು,” ಎಂದ ಪ್ರೆಸ್ಕಾಟ್.

ಗೊತ್ತಿತ್ತು. ಹ್ಯಾಟಿಯಮ್ಮ ದೇಶದ ಆ ತುದಿಯ ಕಡಲ ದಂಡೆಯವಳು, ನ್ಯಾರಗ್ಯಾನ್ಸೆಟ್ ಬುಡಕಟ್ಟಿನ ಹೆಣ್ಣು. ಬಿಳಿಯರ ಹಡಗು ಬರುವ ಮೊದಲೇ ಅಲ್ಲಿ ಬೇರು ಬಿಟ್ಟು, ಆಮೇಲೆ ಆ ಬಿಳಿಯರ ಬಾಯಲ್ಲಿ ‘ಇಂಡಿಯನ್ನರು’ ಆದವರ ಕುಲ. ಕಾಡಿನ ನಡುವಿನ ತಮ್ಮವರ ಕಲ್ಲು ಚರ್ಚಿನಲ್ಲಿ ಪ್ರಾರ್ಥನೆ ಕಲಿತು, ಟೊಮೆಟೊ ಡಬ್ಬಿ ಕಾರ್ಖಾನೆಗೆ ಸೇರಿದ ಗಂಡನ ಜೊತೆ ಈ ಊರಿಗೆ ಬಂದಿದ್ದಳು. ಈ ವೇದಿಕೆಯ ಮುಂದೆಯೇ ಅರ್ಧ ಬೀದಿಯವರ ಮದುವೆ ಮಾಡಿಸಿದ್ದಳು, ಆಮೇಲೆ ಅವರನ್ನೇ ಮಣ್ಣು ಮಾಡಿಸಿಯೂ ಇದ್ದಳು. ಉಳಿದವರು ಬಾಡಿಗೆ ಕಟ್ಟಲಾರದೆ ಊರು ಬಿಟ್ಟಿದ್ದರು. ದೇವರೇನೋ ಎಲ್ಲಿ ಬೇಕಾದರೂ ಸಿಗುತ್ತಾನೆ; ಹೋದ ಗಂಡ ಕೈಯಾರೆ ಮಾಡಿದ ಬೆಂಚುಗಳು ಸಿಗುತ್ತವೆಯೇ?

ಅಷ್ಟರಲ್ಲಿ ನೆಲದ ಕೆಳಗಿನಿಂದ ಸಪ್ಪಳ ಎದ್ದಿತು. ಪಟ ಪಟ ಪಟ, ಪಟ ಪಟ ಪಟ. ಬೆಂಚಿನ ಮೇಲಿದ್ದ ಬೈಬಲ್ಲೂ ಸಣ್ಣಗೆ ಕುಣಿಯಿತು.

“ಏನದು? ಡೋಲೇ?”

ಹ್ಯಾಟಿಯಮ್ಮ ಅರೆಗಳಿಗೆ ಯೋಚಿಸಿ, “ಇಂಡಿಯನ್ನರು,” ಎಂದಳು. ಅದರಲ್ಲಿ ಸುಳ್ಳಿನ ಒಂದು ಕಾಳೂ ಇರಲಿಲ್ಲ.

ಪ್ರೆಸ್ಕಾಟನ ಮುಖ ಅರಳಿತು. “ನಿಮ್ಮ ಜನ! ಮೊದಲೇ ಹೇಳಬಾರದಿತ್ತೇ?” ಎನ್ನುತ್ತ ಮೆಟ್ಟಿಲಿಳಿದೇಬಿಟ್ಟ. ಹ್ಯಾಟಿಯಮ್ಮ ಕೋಲೂರಿಕೊಂಡು ಹಿಂದೆ ನಡೆದಳು. ‘ಕರ್ತನೇ, ನಾನು ಆಡಿದ್ದು ಒಂದೇ ಮಾತು. ಮಿಕ್ಕಿದ್ದೆಲ್ಲ ಅವನ ಕಿವಿಯ ತಪ್ಪು.’

ಕೆಳಗಿನ ಅಡುಗೆಮನೆಯಲ್ಲಿ ಶರಣವ್ವ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಕೆಳಮಹಡಿಯನ್ನು ಚರ್ಚಿನವರು ಭಾನುವಾರದ ಕನ್ನಡ ಶಾಲೆಗೆ ಬಾಡಿಗೆಗೆ ಕೊಟ್ಟಿದ್ದರು. ಮಕ್ಕಳಿಗೂ ಅವರನ್ನು ಕರೆತಂದವರಿಗೂ ಊಟ ಗದಗಿನ ಶರಣವ್ವನ ಕೈಯದು. ಪರಿಚಯವಾದ ದಿನ ಹ್ಯಾಟಿಯಮ್ಮ ‘ನ್ಯಾರಗ್ಯಾನ್ಸೆಟ್’ ಎಂದದ್ದು ಶರಣವ್ವನ ಕಿವಿಗೆ ‘ನಾರಗಾನ ಶೆಟ್ಟರು’ ಎಂದು ಬಿದ್ದಿತ್ತು. ಅವಳ ತವರೂ ಅಂಗಡಿ ವ್ಯಾಪಾರದ ಶೆಟ್ಟರ ಮನೆತನ. ಅಂದಿನಿಂದ ಹ್ಯಾಟಿ ಅವಳಿಗೆ ಹಟ್ಟೆವ್ವ, ದೂರದ ಬಳಗ. ಶರಣವ್ವನ ಸೊಸೆ ಮಾಧುರಿ ಈ ಗುಟ್ಟನ್ನು ಹ್ಯಾಟಿಯಮ್ಮನ ಕಿವಿಗೆ ಹಾಕಿದಾಗ ಮುದುಕಿ ಕಣ್ಣೀರು ಬರುವಂತೆ ನಕ್ಕು, “ತಿದ್ದಬೇಡ ಮಗಳೇ, ಈ ವಯಸ್ಸಿನಲ್ಲಿ ಹೊಸ ನಂಟರು ಸುಮ್ಮನೆ ಸಿಗುವುದಿಲ್ಲ,” ಎಂದಿದ್ದಳು.

ಸೀರೆ, ವಿಭೂತಿ, ರೊಟ್ಟಿಯ ಬುಟ್ಟಿ ಕಂಡು ಪ್ರೆಸ್ಕಾಟ್ ಬಾಗಿಲಲ್ಲೇ ತಬ್ಬಿಬ್ಬಾಗಿ ನಿಂತ. “ನೀವು... ರೆವರೆಂಡ್ ಅವರ ಬುಡಕಟ್ಟಿನವರೇ?”

ಮಾಧುರಿ ನಗು ನುಂಗಿಕೊಂಡು ಅತ್ತೆಯ ಕಡೆ ತಿರುಗಿದಳು. “ಅತ್ತೀ, ನೀವೂ ಹಟ್ಟೆವ್ವಾರೂ ಒಂದ ಮಂದಿ ಏನಂತ ಕೇಳಾಕತ್ತಾರ.”

“ಮತ್ತ? ಶೆಟ್ಟರು ಶೆಟ್ಟರು ಒಂದ ಅಲ್ಲನ? ಇಷ್ಟ ಕೇಳಾಕ ಕೋಟು ಹಾಕ್ಕೊಂಡು ಬಂದಾನೇನು?”

“ಹೌದಂತೆ, ಎಲ್ಲ ಒಂದೇ ಮಂದಿಯಂತೆ,” ಎಂದು ಮಾಧುರಿ ಇಂಗ್ಲಿಷಿನಲ್ಲಿ ಒಪ್ಪಿಸಿದಳು.

ಇವರನ್ನೂ ಚರ್ಚಿನ ಲೆಕ್ಕಕ್ಕೆ ಬರೆದುಕೊಳ್ಳಲು ಪ್ರೆಸ್ಕಾಟ್ ಜೇಬಿನಿಂದ ಪೆನ್ನು ತೆಗೆದ. ಇನ್ನು ಹ್ಯಾಟಿಯಮ್ಮ ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಬೆಂಚುಗಳೆಲ್ಲ ಇದ್ದಲ್ಲೇ ಇರುತ್ತವೆ. ಆದರೆ ತಾನು ಬಿತ್ತದ ಸುಳ್ಳಾದರೂ ತನ್ನ ಹೊಲದಲ್ಲೇ ಮೊಳೆಯುತ್ತಿದೆಯಲ್ಲ! ಅವಳು ಕೋಲಿನಿಂದ ನೆಲ ಕುಟ್ಟಿದಳು.

“ಪೆನ್ನು ಒಳಗಿಡಿ. ಇವರು ಬೇರೆ ಇಂಡಿಯನ್ನರು. ನಿಮ್ಮವರು ಹಡಗು ಹತ್ತಿ ಹುಡುಕಿಕೊಂಡು ಹೊರಟದ್ದು ಇವರನ್ನು. ದಾರಿ ತಪ್ಪಿ ಸಿಕ್ಕವರು ನಾವು.”

ಪ್ರೆಸ್ಕಾಟನ ಮುಖ ಕೆಂಪಾಯಿತು. “ಹಾಗಾದರೆ ಇವರು ಚರ್ಚಿನವರೇ ಅಲ್ಲ! ನೀವು ನನ್ನನ್ನು...”

ಶರಣವ್ವನಿಗೆ ಮಾತು ತಿಳಿಯಲಿಲ್ಲ, ಮುಖ ತಿಳಿಯಿತು. ಗಂಡಸರ ಸಿಟ್ಟಿಗೆ ಅವಳು ಬಲ್ಲ ಕಾರಣ ಒಂದೇ. “ಹಸದಾನ, ಪಾಪ. ಕುಂದರಸ ಮಾಧುರಿ,” ಎಂದವಳೇ ಬಿಸಿ ರೊಟ್ಟಿ, ಬದನೆಯ ಎಣಗಾಯಿ, ಶೇಂಗಾ ಚಟ್ನಿ, ಮೇಲೊಂದು ಬೆಣ್ಣೆಯುಂಡೆ ಹಾಕಿದ ತಟ್ಟೆಯನ್ನು ಅವನ ಮುಂದಿಟ್ಟಳು. ಮೊದಲ ರೊಟ್ಟಿಯನ್ನು ಅವನು ಮರ್ಯಾದೆಗೆ ತಿಂದ. ಆಮೇಲಿನದನ್ನು ಯಾರೂ ಒತ್ತಾಯ ಮಾಡಲಿಲ್ಲ. ಪಕ್ಕದ ಕೋಣೆಯಿಂದ ಮಕ್ಕಳು ಹೋ ಎಂದು ನುಗ್ಗಿದರು, ಅವರ ಹಿಂದೆ ಅಪ್ಪಂದಿರು, ಅಮ್ಮಂದಿರು, ಕಾಲಿಡಲು ಜಾಗವಿಲ್ಲ. ಹ್ಯಾಟಿಯಮ್ಮ ಕಣ್ಣು ಮುಚ್ಚಿ ಊಟದ ಪ್ರಾರ್ಥನೆ ಹೇಳಿದಳು. ಎಲ್ಲರೂ ಸುಮ್ಮನೆ ತಲೆ ಬಾಗಿಸಿದರು, ಪ್ರತಿ ಭಾನುವಾರದ ರೂಢಿ.

ಪ್ರೆಸ್ಕಾಟ್ ನಾಲ್ಕನೆಯ ರೊಟ್ಟಿಗೆ ಕೈ ಚಾಚಿದ. “ನಿಯಮದಲ್ಲಿ ಎಷ್ಟು ಜನ ಬರಬೇಕು ಎಂದಿದೆ,” ಎಂದ ನಿಧಾನವಾಗಿ. “ಯಾವ ಮಹಡಿಗೆ ಎಂದಿಲ್ಲ.”

ಅವನ ಕಾರು ಮರೆಯಾದ ಮೇಲೆ ಮಾಧುರಿಗೆ ತಡೆಯಲಾಗಲಿಲ್ಲ. ನಡೆದದ್ದನ್ನೆಲ್ಲ ಬಿಡಿಸಿ ಹೇಳಿ, “ಅತ್ತೀ, ಹಟ್ಟೆವ್ವಾರು ಶೆಟ್ಟರ ಅಲ್ಲರೀ. ಅವರು ಈ ದೇಶದ ಮೂಲ ಮಂದಿ,” ಎಂದಳು.

ಶರಣವ್ವ ಖಾಲಿ ಬುಟ್ಟಿಯನ್ನೊಮ್ಮೆ, ತಲೆಯ ಮೇಲಿನ ಚಾವಣಿಯನ್ನೊಮ್ಮೆ ನೋಡಿದಳು.

“ಯಾರಿಗೆ ಹೇಳ್ತಿ ಹುಚ್ಚಿ? ನನ್ನ ನಾಕ ರೊಟ್ಟಿ ಕೊಟ್ಟು ತನ್ನ ಗುಡಿ ಉಳಿಸ್ಕೊಂಡಾಳ. ಆಕಿ ಶೆಟ್ಟರಾಕಿ ಅಲ್ಲಂದ್ರ ಮತ್ಯಾರು?”